ಅಂತರಿಕ್ಷದ ಸೌರಕೋಶಗಳು: ವಿಕಿರಣಾಘಾತದ ಒಂದು ಇತಿಹಾಸ

೧

ಯಂತ್ರವೊಂದರ ಯೋಗ್ಯತೆಯನ್ನು ಅದು ಹೊಸದಾಗಿರುವಾಗಲೇ ಅಳೆಯುವುದು ಲೋಕದ ರೂಢಿ. ಹಳೆಯದಾಗುತ್ತ ಬಂದಂತೆ ಅದನ್ನು ತಿದ್ದಬಹುದು. ಸವೆದ ಭಾಗವನ್ನು ತೆಗೆದು ಬೇರೊಂದನ್ನು ಜೋಡಿಸಬಹುದು. ಆದರೆ ಭೂಮಿಯನ್ನು ಬಿಟ್ಟುಹೋದ ಕೃತಕ ಉಪಗ್ರಹಕ್ಕೆ ಸಾಮಾನ್ಯವಾಗಿ ಈ ಸೌಕರ್ಯವಿಲ್ಲ. ಅದರ ಮೈಮೇಲಿನ ಸೌರಕೋಶಗಳು ಕೆಟ್ಟರೆ ಅದರ ಬಾಳು ಮುಗಿದಂತೆಯೇ ಸರಿ. ಆದುದರಿಂದ ಅಂತರಿಕ್ಷದ ಸೌರಕೋಶದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ, ಅದು ಮೊದಲ ದಿನ ಎಷ್ಟು ವಿದ್ಯುತ್ತನ್ನು ಕೊಡುತ್ತದೆ ಎಂಬುದಲ್ಲ. ಏಳೋ ಹದಿನೈದೋ ವರ್ಷಗಳು ಕಳೆದ ಮೇಲೆ, ಕೊನೆಯ ದಿನ, ಎಷ್ಟನ್ನು ಕೊಟ್ಟೀತು ಎಂಬುದು.

ಇಂದು ಸರಳವಾಗಿ ತೋರುವ ಈ ಮಾತು ಮೊದಲಿನಿಂದಲೂ ಎಲ್ಲರಿಗೂ ತಿಳಿದಿದ್ದುದಲ್ಲ. ಕೆಲವು ಪ್ರಯೋಗಶಾಲೆಗಳಲ್ಲಿ ಕೆಲವರು ಅದನ್ನು ಕಂಡುಕೊಂಡಿದ್ದರು. ಉಪಗ್ರಹಗಳು ಒಂದರ ಹಿಂದೊಂದು ಮೂಕವಾದಾಗ, ಅದೂ ಮನುಷ್ಯನು ತಾನೇ ಆಕಾಶವನ್ನು ಕೆಡಿಸಿದ ಫಲವಾಗಿ ಮೂಕವಾದಾಗ, ಅದು ಎಲ್ಲರೂ ಒಪ್ಪಲೇಬೇಕಾದ ನಿಯಮವಾಯಿತು. ಆ ನಿಯಮ ರೂಪುಗೊಂಡ ಬಗೆಯನ್ನು ಕಾಲಕ್ರಮದಲ್ಲಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಮೊದಲು ಕಂಡವನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್. ೧೮೩೯ರಲ್ಲಿ ಇದನ್ನು ಕಂಡಾಗ ಅವನಿಗೆ ಹತ್ತೊಂಬತ್ತು ವರ್ಷ. ೧೮೭೬ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಡೇ ಎಂಬವರು ಸೆಲೀನಿಯಮ್ ಎಂಬ ಘನವಸ್ತುವಿನಲ್ಲಿಯೂ ಇದೇ ಗುಣವನ್ನು ಕಂಡರು. ೧೮೮೩ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೀನಿಯಮ್ಮಿನ ಮೇಲೆ ಚಿನ್ನದ ತೆಳುಹೊದಿಕೆಯನ್ನಿಟ್ಟು ಕೋಶಗಳನ್ನು ತಯಾರಿಸಿದನು. ಅವು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ ಒಂದರಷ್ಟನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸಬಲ್ಲವಾಗಿದ್ದವು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಈ ಪ್ರಮಾಣ ಹೆಚ್ಚೇನೂ ಏರಲಿಲ್ಲ.

ಬದಲಾವಣೆ ಬಂದುದು ದೂರವಾಣಿಯ ಕಡೆಯಿಂದ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಡೆರಿಲ್ ಚೇಪಿನ್ ಎಂಬ ಇಂಜಿನಿಯರನಿಗೆ, ಸೆಕೆ ಮತ್ತು ತೇವ ಹೆಚ್ಚಾಗಿರುವ ದೇಶಗಳಲ್ಲಿ ಬ್ಯಾಟರಿಗಳು ಬೇಗ ಕೆಡುವುದರಿಂದ ದೂರವಾಣಿಗೆ ಬೇರೊಂದು ವಿದ್ಯುತ್ ಮೂಲವನ್ನು ಹುಡುಕುವ ಕೆಲಸ ಬಂದಿತ್ತು. ಅದೇ ಪ್ರಯೋಗಶಾಲೆಯ ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ ಸಿಲಿಕಾನ್ ಎಂಬ ಅರೆವಾಹಕದಲ್ಲಿ ಅನ್ಯವಸ್ತುಗಳ ಕಣಗಳನ್ನು ಇಳಿಸುವ ವಿದ್ಯೆಯಲ್ಲಿ ತೊಡಗಿದ್ದರು. ಸೆಲೀನಿಯಮ್ಮನ್ನು ಕೈಬಿಟ್ಟು ಸಿಲಿಕಾನನ್ನು ಹಿಡಿಯುವಂತೆ ಪಿಯರ್ಸನ್ ಚೇಪಿನ್ನನಿಗೆ ಸಲಹೆಯಿತ್ತನು. ಮೂವರ ಶ್ರಮದ ಫಲವಾದ ಸೌರಕೋಶವನ್ನು ೧೯೫೪ರ ಏಪ್ರಿಲ್ ೨೫ರಂದು ಲೋಕಕ್ಕೆ ತೋರಿಸಲಾಯಿತು. ಅದರ ದಕ್ಷತೆ ಶೇಕಡ ೬ರಷ್ಟು.

ಇದೇ ಏಪ್ರಿಲ್ ತಿಂಗಳ ೨ರಂದು ಭಾರತದ ಲೋಕಸಭೆಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಪರಮಾಣು ಬಾಂಬುಗಳ ಪರೀಕ್ಷೆಯನ್ನು ಎಲ್ಲ ರಾಷ್ಟ್ರಗಳೂ ನಿಲ್ಲಿಸಬೇಕೆಂದು ಕರೆಯಿತ್ತರು. ಅದಕ್ಕೆ ಒಂದು ತಿಂಗಳ ಹಿಂದೆ ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಅಮೆರಿಕವು ಸಿಡಿಸಿದ್ದ ಜಲಜನಕ ಬಾಂಬು ಆ ಕರೆಗೆ ಕಾರಣ. ಒಂದೇ ತಿಂಗಳಿನ ಈ ಎರಡು ಸಂಗತಿಗಳಿಗೆ ಆಗ ಯಾವ ಸಂಬಂಧವೂ ಕಾಣುತ್ತಿರಲಿಲ್ಲ. ಎಂಟು ವರ್ಷಗಳ ತರುವಾಯ ಅವುಗಳ ಸಂಬಂಧ ಆಕಾಶದಲ್ಲಿಯೇ ಪ್ರಕಟವಾಯಿತು.

೩

ಬೆಲ್ ಕೋಶವು ನೆಲದ ಮೇಲಿನ ಬಳಕೆಗೆ ತೀರ ದುಬಾರಿಯಾದ ವಸ್ತುವಾಗಿತ್ತು. ಅದಕ್ಕೆ ತಕ್ಕ ಸ್ಥಾನವನ್ನು ಮೊದಲು ಗುರುತಿಸಿದವರಲ್ಲಿ ಜರ್ಮನಿಯಿಂದ ಬಂದು ಅಮೆರಿಕದ ಸೈನ್ಯದ ಸಂಪರ್ಕ ವಿಭಾಗದಲ್ಲಿ ಕೆಲಸಕ್ಕಿದ್ದ ಹಾನ್ಸ್ ಜೀಗ್ಲರ್ ಮುಖ್ಯನಾದವನು. ಉಪಗ್ರಹಕ್ಕೆ ಸೌರಕೋಶಗಳೇ ತಕ್ಕ ವಿದ್ಯುತ್ ಮೂಲವೆಂದು ಅವನು ಪಟ್ಟುಹಿಡಿದು ವಾದಿಸಿದನು. ವಾನ್‌ಗಾರ್ಡ್ ಉಪಗ್ರಹವನ್ನು ಸಿದ್ಧಪಡಿಸುತ್ತಿದ್ದ ನೌಕಾಪಡೆಯವರು, ಇನ್ನೂ ಪರೀಕ್ಷೆಗೊಳಗಾಗದ ಹೊಸ ವಸ್ತುವೆಂದು ಅದನ್ನು ನಂಬಲು ಹಿಂಜರಿದರು. ಕೊನೆಗೆ ರಾಜಿಯಾಗಿ ಎರಡನ್ನೂ ಇಡಲಾಯಿತು: ಒಂದು ಪ್ರೇಷಕಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಸೌರಕೋಶ.

೧೯೫೮ರ ಮಾರ್ಚ್ ೧೭ರಂದು ಕಕ್ಷೆಗೇರಿದ ವಾನ್‌ಗಾರ್ಡ್-೧ ಒಂದೂವರೆ ಕಿಲೋಗ್ರಾಮಿಗೂ ಕಡಿಮೆ ತೂಕದ ಪುಟ್ಟ ಗೋಳ. ಅದರ ಬ್ಯಾಟರಿ ಕೆಲವೇ ವಾರಗಳಲ್ಲಿ ಬರಿದಾಯಿತು. ಸೌರಕೋಶಗಳನ್ನು ನೆಚ್ಚಿದ ಪ್ರೇಷಕವಾದರೋ ೧೯೬೪ರವರೆಗೆ, ಆರು ವರ್ಷಗಳಿಗೂ ಹೆಚ್ಚು ಕಾಲ, ಸದ್ದು ಮಾಡುತ್ತಲೇ ಇತ್ತು. ಅದರ ಹಿಂದಿನ ವರ್ಷ ಮೇಲೇರಿದ್ದ ರಷ್ಯದ ಮೊದಲ ಸ್ಪುಟ್ನಿಕ್ ಬ್ಯಾಟರಿಯ ಬಲದಿಂದ ಮೂರು ವಾರ ಮಾತ್ರ ಮಾತನಾಡಿತ್ತು. ಜೀಗ್ಲರನ ವಾದ ಗೆದ್ದಿತು.

ಆದರೆ ಈ ಗೆಲುವಿನಲ್ಲಿ ಒಂದು ಭ್ರಮೆಗೂ ಅವಕಾಶವಿತ್ತು. ವಾನ್‌ಗಾರ್ಡಿನ ಪ್ರೇಷಕಕ್ಕೆ ಬೇಕಾಗಿದ್ದ ವಿದ್ಯುತ್ತು ಅತ್ಯಲ್ಪ. ಅದು ಹೊರಸೂಸುತ್ತಿದ್ದುದು ಐದು ಮಿಲಿವಾಟ್ ಮಾತ್ರ. ಅಷ್ಟು ಸ್ವಲ್ಪವೇ ಸಾಕೆಂದಿರುವಾಗ ಕೋಶಗಳು ಒಳಗೊಳಗೇ ಕ್ಷೀಣಿಸುತ್ತಿದ್ದರೂ ಅದು ಕೂಡಲೇ ಹೊರಗೆ ತೋರದು. ಕೆಲವು ವಾಟ್‌ಗಳನ್ನಾಗಲಿ ಕೆಲವು ನೂರು ವಾಟ್‌ಗಳನ್ನಾಗಲಿ ಬೇಡುವ ಉಪಗ್ರಹದ ಸ್ಥಿತಿ ಹಾಗಲ್ಲ.

೪

ಕ್ಷೀಣಿಸಲು ಕಾರಣವಾದುದು ಯಾವುದು ಎಂಬುದು ಅದೇ ೧೯೫೮ರಲ್ಲಿ ತಿಳಿದುಬಂತು. ಜೇಮ್ಸ್ ವಾನ್ ಅಲೆನ್ ಎಂಬ ಭೌತವಿಜ್ಞಾನಿ ಎಕ್ಸ್‌ಪ್ಲೋರರ್ ಉಪಗ್ರಹಗಳಲ್ಲಿ ವಿಶ್ವಕಿರಣಗಳನ್ನು ಎಣಿಸುವ ಗೈಗರ್ ಯಂತ್ರವನ್ನು ಇರಿಸಿದ್ದನು. ಎತ್ತರ ಏರಿದಂತೆ ಎಣಿಕೆ ಏರಬೇಕು. ಆದರೆ ಒಂದು ಎತ್ತರವನ್ನು ದಾಟಿದೊಡನೆ ಅದು ಸೊನ್ನೆಗೆ ಇಳಿಯುತ್ತಿತ್ತು. ಅವನ ಸಹೋದ್ಯೋಗಿ ಕಾರ್ಲ್ ಮೆಕಿಲ್ವೇನ್ ಅಂತಹುದೇ ಯಂತ್ರವನ್ನು ಎಕ್ಸ್-ಕಿರಣಗಳ ಮುಂದಿಟ್ಟು ಪರೀಕ್ಷಿಸಿದಾಗ ರಹಸ್ಯ ಬಯಲಾಯಿತು. ಕಣಗಳು ಇಲ್ಲದುದರಿಂದ ಎಣಿಕೆ ನಿಂತಿರಲಿಲ್ಲ. ಎಣಿಸಲಾರದಷ್ಟು ಇದ್ದುದರಿಂದ ಯಂತ್ರವೇ ಸ್ತಬ್ಧವಾಗಿತ್ತು. ಭೂಮಿಯ ಕಾಂತಕ್ಷೇತ್ರವು ಎಲೆಕ್ಟ್ರಾನು ಪ್ರೋಟಾನುಗಳನ್ನು ಹಿಡಿದಿಟ್ಟು ತನ್ನ ಸುತ್ತ ವಿಕಿರಣದ ವಲಯಗಳನ್ನು ಕಟ್ಟಿಕೊಂಡಿದೆ ಎಂಬ ಸಂಗತಿಯನ್ನು ಆ ವರ್ಷದ ಮೇ ತಿಂಗಳ ಮೊದಲನೆಯ ದಿನ ಪ್ರಕಟಿಸಲಾಯಿತು. ಒಳವಲಯದಲ್ಲಿ ಬಲಿಷ್ಠವಾದ ಪ್ರೋಟಾನುಗಳೂ ಹೊರವಲಯದಲ್ಲಿ ಎಲೆಕ್ಟ್ರಾನುಗಳೂ ಪ್ರಧಾನ.

ಈ ಕಣಗಳು ಸೌರಕೋಶವನ್ನು ಕೆಡಿಸುವ ಬಗೆಯನ್ನು ಅರಿಯಬೇಕಾದರೆ ಕೋಶದ ಒಳಗನ್ನು ಸ್ವಲ್ಪ ನೋಡಬೇಕು. ಸಿಲಿಕಾನಿನ ಹಲ್ಲೆಯೊಂದರಲ್ಲಿ ರಂಜಕವನ್ನು ಬೆರೆಸಿದರೆ ಅದರಲ್ಲಿ ಎಲೆಕ್ಟ್ರಾನುಗಳು ಹೆಚ್ಚಾಗುತ್ತವೆ. ಇದು ಎನ್ ಬಗೆಯ ಸಿಲಿಕಾನ್. ಬೋರಾನನ್ನು ಬೆರೆಸಿದರೆ ಎಲೆಕ್ಟ್ರಾನಿನ ಕೊರತೆಯ ಸ್ಥಾನಗಳು ಹೆಚ್ಚಾಗುತ್ತವೆ. ಇದು ಪಿ ಬಗೆಯದು. ಈ ಕೊರತೆಯ ಸ್ಥಾನಗಳೂ ಧನವಿದ್ಯುತ್ತಿನ ಕಣಗಳಂತೆಯೇ ಚಲಿಸುತ್ತವೆ. ಎರಡು ಬಗೆಗಳು ಕೂಡುವ ಎಡೆಗೆ ಸಂಧಿ ಎಂದು ಹೆಸರು. ಬೆಳಕು ಬಿದ್ದಾಗ ಸಿಲಿಕಾನಿನ ಒಡಲಲ್ಲಿ ಬಿಡುಗಡೆಯಾದ ಎಲೆಕ್ಟ್ರಾನೋ ಕೊರತೆಯ ಸ್ಥಾನವೋ ಆ ಸಂಧಿಯನ್ನು ತಲುಪಿದರೆ ಮಾತ್ರ ವಿದ್ಯುತ್ತು ಹರಿಯುತ್ತದೆ. ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಆ ಬೆಳಕು ವ್ಯರ್ಥ.

ವೇಗವಾಗಿ ಬಂದೆರಗುವ ಕಣವು ಸಿಲಿಕಾನಿನ ಪರಮಾಣುವನ್ನು ಅದರ ಸ್ಥಾನದಿಂದ ತಳ್ಳಿಬಿಡುತ್ತದೆ. ಹಾಗೆ ತೆರವಾದ ಜಾಗ ಒಂದು ಬೋನಿನಂತಾಗಿ, ಸಂಧಿಯತ್ತ ಹೊರಟ ಕಣಗಳನ್ನು ಹಿಡಿದು ನುಂಗುತ್ತದೆ. ಕೆರೆಯ ತೂಬಿನಿಂದ ಹೊರಟ ನೀರು ಗದ್ದೆಯನ್ನು ಸೇರುವ ಮೊದಲೇ ಕಾಲುವೆಯ ಏಡಿಬಿಲಗಳಲ್ಲಿ ಇಂಗಿಹೋಗುವುದಕ್ಕೆ ಇದನ್ನು ಹೋಲಿಸಬಹುದು. ಕೆರೆಯಲ್ಲಿ ನೀರು ಕಡಿಮೆಯಾಗಿಲ್ಲ, ತೂಬು ಕಟ್ಟಿಲ್ಲ. ಆದರೂ ಬಿಲಗಳು ಹೆಚ್ಚಿದಂತೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಅಮೆರಿಕದ ಆರ್‌ಸಿಎ ಪ್ರಯೋಗಶಾಲೆಯಲ್ಲಿ ಜೋಸೆಫ್ ಲೊಫೆರ್ಸ್ಕಿ ಮತ್ತು ಪಾಲ್ ರಾಪಪೋರ್ಟ್ ೧೯೫೦ರ ದಶಕದಲ್ಲಿಯೇ ಈ ಹಾನಿಯನ್ನು ಅಳೆದಿದ್ದರು. ಸಿಲಿಕಾನಿನ ಪರಮಾಣುವನ್ನು ಕದಲಿಸಲು ಎಲೆಕ್ಟ್ರಾನಿಗೆ ಸುಮಾರು ಒಂದೂವರೆ ಲಕ್ಷ ಎಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿ ಬೇಕೆಂದು ಅವರ ಪ್ರಯೋಗಗಳಿಂದ ತಿಳಿಯಿತು. ಅವರು ಕೆಲಸಕ್ಕೆ ತೊಡಗಿದುದು ಉಪಗ್ರಹಗಳಿಗಾಗಿ ಅಲ್ಲ. ವಿಕಿರಣಶೀಲ ವಸ್ತುಗಳಿಂದ ವಿದ್ಯುತ್ತನ್ನು ಪಡೆಯುವ ಬ್ಯಾಟರಿಗಾಗಿ. ಆ ಜ್ಞಾನ ಬಳಕೆಗೆ ಬಂದುದು ಅಂತರಿಕ್ಷದಲ್ಲಿ.

೫

ಬಿಲಗಳನ್ನು ತಡೆಯಲಾಗದಿದ್ದರೆ ನೀರನ್ನಾದರೂ ಬೇಗ ಹರಿಸಬೇಕು. ಮೊದಲ ಪರಿಹಾರ ಬಂದುದು ಈ ದಾರಿಯಿಂದ. ಬೆಲ್ ಪ್ರಯೋಗಶಾಲೆಯ ೧೯೫೪ರ ಕೋಶದಲ್ಲಿ ದಪ್ಪನೆಯ ಎನ್ ಬಗೆಯ ಹಲ್ಲೆಯ ಮೇಲೆ ತೆಳುವಾದ ಪಿ ಪದರವಿತ್ತು. ಅದರಲ್ಲಿ ಸಂಧಿಯ ಕಡೆಗೆ ಪಯಣ ಮಾಡಬೇಕಾದವು ಕೊರತೆಯ ಸ್ಥಾನಗಳು, ಅವು ನಿಧಾನಗತಿಯವು. ಇದನ್ನು ತಿರುವುಮುರುವು ಮಾಡಿ, ಪಿ ಬಗೆಯ ಹಲ್ಲೆಯ ಮೇಲೆ ತೆಳುವಾದ ಎನ್ ಪದರವನ್ನಿಟ್ಟರೆ ಪಯಣ ಮಾಡುವುದು ಎಲೆಕ್ಟ್ರಾನು. ಅದು ಚುರುಕಾದುದರಿಂದ ಬೋನಿಗೆ ಬೀಳುವ ಮೊದಲು ಹೆಚ್ಚು ದೂರ ಸಾಗುತ್ತದೆ. ಇಷ್ಟಲ್ಲದೆ ಪಿ ಬಗೆಯ ಸಿಲಿಕಾನಿನಲ್ಲಿ ಉಂಟಾಗುವ ಬೋನುಗಳ ಹಿಡಿತವೂ ಕಡಿಮೆ.

ಅಮೆರಿಕದ ಸೈನ್ಯದ ಸಂಪರ್ಕ ವಿಭಾಗದ ಪ್ರಯೋಗಶಾಲೆಯಲ್ಲಿ ಜೋಸೆಫ್ ಮ್ಯಾಂಡೆಲ್‌ಕಾರ್ನ್ ಮತ್ತು ಸಂಗಡಿಗರು ೧೯೬೦ರ ಸುಮಾರಿಗೆ ಇಂತಹ ಕೋಶಗಳನ್ನು ಮಾಡಿ ತೋರಿಸಿದರು. ಹಳೆಯ ಕೋಶವನ್ನು ಒಂದು ಮಟ್ಟಕ್ಕೆ ಇಳಿಸಲು ಎಷ್ಟು ವಿಕಿರಣ ಸಾಕೋ ಅದರ ಹತ್ತಿರ ಹತ್ತು ಪಟ್ಟು ವಿಕಿರಣ ಬಿದ್ದರೆ ಮಾತ್ರ ಹೊಸ ಕೋಶ ಆ ಮಟ್ಟಕ್ಕೆ ಇಳಿಯುತ್ತಿತ್ತು. ಸಂಪರ್ಕ ಉಪಗ್ರಹವೊಂದನ್ನು ವಿಕಿರಣ ವಲಯಗಳ ನಡುವೆಯೇ ಹಾರಿಸಲು ಸಿದ್ಧವಾಗುತ್ತಿದ್ದ ಬೆಲ್ ಪ್ರಯೋಗಶಾಲೆಯವರು ತಮ್ಮದೇ ಹಳೆಯ ಮಾದರಿಯನ್ನು ಬಿಟ್ಟು ಈ ತಿರುವುಮುರುವಾದ ಕೋಶವನ್ನು ಸ್ವೀಕರಿಸಿದರು. ಅಂತಹ ೩,೬೦೦ ಕೋಶಗಳು ಆ ಉಪಗ್ರಹದ ಮೈಗೆ ಹತ್ತಿದವು. ಪ್ರತಿಯೊಂದರ ಮೇಲೂ ಕೃತಕ ನೀಲಮಣಿಯ ಬಿಲ್ಲೆಯನ್ನು ಮುಚ್ಚಳವಾಗಿ ಇಡಲಾಯಿತು. ಎಲ್ಲ ಕೋಶಗಳೂ ಸೇರಿ ಕೊಡುತ್ತಿದ್ದುದು ಸುಮಾರು ೧೪ ವಾಟ್. ಆ ಉಪಗ್ರಹದ ಹೆಸರು ಟೆಲ್‌ಸ್ಟಾರ್.

೬

ಟೆಲ್‌ಸ್ಟಾರ್ ೧೯೬೨ರ ಜುಲೈ ೧೦ರಂದು ಮೇಲೇರಿತು. ಅದರ ಹಿಂದಿನ ದಿನ, ಜುಲೈ ೯ರಂದು, ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದ ಬಳಿ ಅಮೆರಿಕವು ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ ೧.೪ ಮೆಗಾಟನ್ ಬಲದ ಪರಮಾಣು ಬಾಂಬನ್ನು ಸಿಡಿಸಿತ್ತು. ಸ್ಟಾರ್‌ಫಿಶ್ ಪ್ರೈಮ್ ಎಂದು ಹೆಸರಾದ ಈ ಪರೀಕ್ಷೆಯಿಂದ ಸುಮಾರು ೧,೪೦೦ ಕಿಲೋಮೀಟರ್ ದೂರದ ಹೊನೊಲುಲು ನಗರದಲ್ಲಿ ಬೀದಿದೀಪಗಳು ಕೆಲವೆಡೆ ಆರಿದವು. ರಾತ್ರಿಯ ಆಕಾಶ ಬಣ್ಣಗಳಿಂದ ಬೆಳಗಿತು. ನೋಡುವವರಿಗೆ ಅದು ಕೆಲವು ನಿಮಿಷಗಳ ವಿಸ್ಮಯ. ಆದರೆ ಬಾಂಬಿನಿಂದ ಹುಟ್ಟಿದ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು, ಮನುಷ್ಯನಿರ್ಮಿತವಾದ ಹೊಸದೊಂದು ವಿಕಿರಣ ವಲಯವಾಗಿ ಉಳಿದವು. ಅದರ ಕುರುಹು ವರ್ಷಗಟ್ಟಲೆ ಅಳಿಯಲಿಲ್ಲ.

ಆ ಹೊತ್ತಿನಲ್ಲಿ ಆಕಾಶದಲ್ಲಿದ್ದ ಉಪಗ್ರಹಗಳು ಕೆಲವೇ. ಅವುಗಳಲ್ಲಿ ಟ್ರಾನ್ಸಿಟ್-೪ಬಿ ಮತ್ತು ಟ್ರಾಕ್ ಎಂಬ ಎರಡು ಅಮೆರಿಕದವು. ಹಳೆಯ ಬಗೆಯ ಕೋಶಗಳಿದ್ದ ಇವೆರಡರ ವಿದ್ಯುತ್ತು ಕೂಡಲೇ ಕುಸಿಯತೊಡಗಿ, ಆಗಸ್ಟ್ ತಿಂಗಳಿನಲ್ಲಿ ಎರಡೂ ಮೂಕವಾದವು. ಬ್ರಿಟನ್ನಿನ ಮೊದಲ ಉಪಗ್ರಹವಾದ ಏರಿಯಲ್-೧ ಹಾರಿ ಮೂರು ತಿಂಗಳೂ ತುಂಬಿರಲಿಲ್ಲ. ಅದರ ಕೋಶಗಳೂ ಹಾನಿಗೊಂಡವು. ಮಿತ್ರರಾಷ್ಟ್ರದ ಪರೀಕ್ಷೆ ಮಿತ್ರರಾಷ್ಟ್ರದ ಉಪಗ್ರಹವನ್ನೇ ಕೆಡಿಸಿತ್ತು. ಅದೇ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ರಷ್ಯವೂ ಇಂತಹ ಎತ್ತರದ ಪರೀಕ್ಷೆಗಳನ್ನು ನಡೆಸಿತು.

ಟೆಲ್‌ಸ್ಟಾರಿನ ಗತಿ ವಿಶೇಷವಾಗಿ ಗಮನಾರ್ಹ. ಅಟ್ಲಾಂಟಿಕ್ ಸಾಗರದಾಚೆಗೆ ದೂರದರ್ಶನದ ಚಿತ್ರವನ್ನು ದಾಟಿಸಿ ಹೆಸರಾದ ಆ ಉಪಗ್ರಹ ನಿರೀಕ್ಷಿಸಿದ್ದುದಕ್ಕಿಂತ ಹೆಚ್ಚಿನ ವಿಕಿರಣವನ್ನು ಎದುರಿಸಬೇಕಾಯಿತು. ನವೆಂಬರಿನಲ್ಲಿ ಅದು ಭೂಮಿಯ ಆಜ್ಞೆಗಳಿಗೆ ಓಗೊಡದಾಯಿತು. ೧೯೬೩ರ ಜನವರಿಯಲ್ಲಿ ಮತ್ತೆ ಚೇತರಿಸಿಕೊಂಡು, ಫೆಬ್ರವರಿಯಲ್ಲಿ ಶಾಶ್ವತವಾಗಿ ನಿಂತಿತು. ಆದರೆ ಸೋತುದು ಅದರ ಸೌರಕೋಶಗಳಲ್ಲ. ಆಜ್ಞೆಗಳನ್ನು ಬಿಡಿಸುವ ಮಂಡಲದ ಟ್ರಾನ್ಸಿಸ್ಟರುಗಳು. ಒಂದೇ ಆಕಾಶದಲ್ಲಿ ಹಳೆಯ ಕೋಶಗಳ ಉಪಗ್ರಹಗಳು ವಿದ್ಯುತ್ತಿಲ್ಲದೆ ಅಳಿದವು. ಹೊಸ ಕೋಶಗಳ ಉಪಗ್ರಹಕ್ಕೆ ಅನ್ಯಕಾರಣದಿಂದ ಸಾವು ಬಂದಿತು. ಯಾವ ಪ್ರಯೋಗಶಾಲೆಯೂ ಏರ್ಪಡಿಸಲಾರದ ಈ ಹೋಲಿಕೆ ವಾದಕ್ಕೆ ಎಡೆಯನ್ನೇ ಉಳಿಸಲಿಲ್ಲ. ಪಿ ಬಗೆಯ ಹಲ್ಲೆಯ ಮೇಲೆ ಎನ್ ಪದರವಿರುವ ಕೋಶವೇ ಅಂದಿನಿಂದ ಅಂತರಿಕ್ಷದ ಸಿಲಿಕಾನ್ ಕೋಶವಾಯಿತು.

ಮರುವರ್ಷ, ೧೯೬೩ರ ಆಗಸ್ಟ್ ೫ರಂದು, ವಾತಾವರಣ, ಅಂತರಿಕ್ಷ ಮತ್ತು ನೀರಿನಡಿಯಲ್ಲಿ ಪರಮಾಣು ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಅಮೆರಿಕ, ರಷ್ಯ ಮತ್ತು ಬ್ರಿಟನ್ನುಗಳು ಮಾಸ್ಕೋದಲ್ಲಿ ಸಹಿಹಾಕಿದವು. ಒಂಬತ್ತು ವರ್ಷಗಳ ಹಿಂದೆಯೇ ಪರೀಕ್ಷೆಗಳ ನಿಲುಗಡೆಯನ್ನು ಬೇಡಿದ್ದ ಭಾರತವೂ ಅದೇ ತಿಂಗಳಿನಲ್ಲಿ ಸಹಿಹಾಕಿತು. ಒಪ್ಪಂದಕ್ಕೆ ಮುಖ್ಯ ಪ್ರೇರಣೆ ಭೂಮಿಯ ಮೇಲೆ ಬೀಳುತ್ತಿದ್ದ ವಿಷಧೂಳಿಯ ಭಯ ಮತ್ತು ಯುದ್ಧದ ಭಯ, ಸೌರಕೋಶಗಳಲ್ಲ. ಆದರೂ ಇಂದು ಸಾವಿರಾರು ಉಪಗ್ರಹಗಳು ಅದೇ ಎತ್ತರಗಳಲ್ಲಿ ಸುತ್ತುತ್ತಿರುವುದನ್ನು ನೆನೆದರೆ ಆ ಒಪ್ಪಂದದ ಬೆಲೆ ಈ ದೃಷ್ಟಿಯಿಂದಲೂ ದೊಡ್ಡದೆಂಬುದು ವಿದಿತವಾಗುತ್ತದೆ.

೭

ಕೋಶವನ್ನು ತಿರುವಿದ ಮಾತ್ರಕ್ಕೆ ಸಮಸ್ಯೆ ಮುಗಿಯಲಿಲ್ಲ. ಹಾನಿ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಆದುದರಿಂದ ಮುಂದಿನ ದಶಕದಲ್ಲಿ ಸಂಶೋಧಕರು ಹಾನಿಯನ್ನು ಲೆಕ್ಕಕ್ಕೆ ತರುವ ವಿಧಾನವನ್ನು ರೂಪಿಸಿದರು. ಆಕಾಶದಲ್ಲಿ ನಾನಾ ಶಕ್ತಿಯ ಎಲೆಕ್ಟ್ರಾನು ಪ್ರೋಟಾನುಗಳಿವೆ. ಪ್ರಯೋಗಶಾಲೆಯಲ್ಲಿ ಅವೆಲ್ಲವನ್ನೂ ಒಟ್ಟಿಗೆ ಸೃಷ್ಟಿಸಲಾಗದು. ಹಲವು ನಾಣ್ಯಗಳನ್ನು ಒಂದೇ ನಾಣ್ಯಕ್ಕೆ ಪರಿವರ್ತಿಸಿ ಲೆಕ್ಕ ಬರೆಯುವಂತೆ, ಅವೆಲ್ಲದರ ಹಾನಿಯನ್ನೂ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳ ಇಷ್ಟು ಸಂಖ್ಯೆಗೆ ಸಮವೆಂದು ಹೇಳುವ ಪದ್ಧತಿ ಬಂದಿತು. ಇದರಿಂದ, ಇಂತಹ ಕಕ್ಷೆಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ಕೋಶದಲ್ಲಿ ಎಷ್ಟು ಬಲ ಉಳಿದೀತು ಎಂದು ಮುಂಚಿತವಾಗಿ ಹೇಳುವುದು ಸಾಧ್ಯವಾಯಿತು. ಆರಂಭದ ಬಲ, ಅಂತ್ಯದ ಬಲ ಎಂಬ ಎರಡು ಅಂಕಿಗಳನ್ನು ಪ್ರತ್ಯೇಕವಾಗಿ ಬರೆಯುವ ಸಂಪ್ರದಾಯವೂ ಇದರೊಡನೆ ನೆಲೆಗೊಂಡಿತು.

ಕೋಶದ ಮೇಲಿನ ಗಾಜಿನ ಮುಚ್ಚಳವೂ ಅಷ್ಟೇ ಮುಖ್ಯ. ಅಲ್ಪಶಕ್ತಿಯ ಪ್ರೋಟಾನುಗಳು ತೆಳುವಾದ ಗಾಜಿನಲ್ಲಿಯೇ ನಿಂತುಬಿಡುತ್ತವೆ. ಗಾಜು ತಾನೇ ವಿಕಿರಣದಿಂದ ಕಂದಿ ಬೆಳಕನ್ನು ತಡೆಯದಿರಲೆಂದು ಅದಕ್ಕೆ ಸೀರಿಯಮ್ ಬೆರೆಸುವ ಪದ್ಧತಿ ಬಂತು. ೧೯೬೦ರ ದಶಕದಲ್ಲಿ ಕೆಲವು ಉಪಗ್ರಹಗಳ ಕೋಶಗಳಲ್ಲಿ ಗಾಜು ಅಂಚಿನವರೆಗೆ ಮುಟ್ಟದೆ ಕೂದಲೆಳೆಯಷ್ಟು ಜಾಗ ಬಯಲಾಗಿ ಉಳಿದಿತ್ತು. ಆ ಕಿರುಪಟ್ಟಿಯ ಮೂಲಕವೇ ಪ್ರೋಟಾನುಗಳು ನುಗ್ಗಿ, ಅದರ ವಿಸ್ತಾರಕ್ಕೆ ಮೀರಿದ ನಷ್ಟವನ್ನು ಉಂಟುಮಾಡಿದವು. ಕೋಟೆಯ ಗೋಡೆ ಎಷ್ಟು ದಪ್ಪವಿದ್ದರೇನು, ದಿಡ್ಡಿಬಾಗಿಲು ತೆರೆದಿದ್ದರೆ ಶತ್ರು ಒಳಬರುವನು ಎಂಬ ಮಾತಿಗೆ ಇದು ಒಳ್ಳೆಯ ನಿದರ್ಶನ.

ಗಾಯವನ್ನು ತಾನೇ ಮಾಯಿಸಿಕೊಳ್ಳುವ ಕೋಶದ ಕನಸೂ ಆಗ ಹುಟ್ಟಿತು. ಸಿಲಿಕಾನಿನಲ್ಲಿ ಲಿಥಿಯಮ್ ಬೆರೆಸಿದರೆ ಅದರ ಕಣಗಳು ಸುಲಭವಾಗಿ ಅಲೆದಾಡಿ, ತೆರವಾದ ಸ್ಥಾನಗಳ ಬಳಿ ಸೇರಿ ಬೋನುಗಳನ್ನು ನಿಷ್ಕ್ರಿಯಗೊಳಿಸುತ್ತವೆಂದು ೧೯೬೬ರ ಸುಮಾರಿಗೆ ಆರ್‌ಸಿಎ ಪ್ರಯೋಗಶಾಲೆಯವರು ತೋರಿಸಿದರು. ಹಲವು ವರ್ಷ ಅದರ ಮೇಲೆ ಶ್ರಮ ನಡೆಯಿತು. ಆದರೆ ಆ ಕೋಶ ಸಾಮಾನ್ಯ ಬಳಕೆಗೆ ಬರಲಿಲ್ಲ. ಅಷ್ಟರಲ್ಲಿ ಬೇರೆ ದಾರಿಗಳು ತೆರೆದಿದ್ದವು.

೮

ಇಲ್ಲಿಯವರೆಗಿನ ಕಥೆಯಲ್ಲಿ ದಕ್ಷತೆಯೂ ಬಾಳಿಕೆಯೂ ಪರಸ್ಪರ ವಿರೋಧಿಗಳಂತೆ ತೋರಬಹುದು. ಅದಕ್ಕೆ ಆಧಾರವೂ ಇದೆ. ಹಲ್ಲೆಯಲ್ಲಿ ಬೋರಾನನ್ನು ಹೆಚ್ಚಾಗಿ ಬೆರೆಸಿದರೆ ಮೊದಲ ದಿನ ಹೆಚ್ಚಿನ ವೋಲ್ಟೇಜು ದೊರೆಯುತ್ತದೆ. ಆದರೆ ವಿಕಿರಣಕ್ಕೆ ಕೋಶ ಬೇಗ ಬಗ್ಗುತ್ತದೆ. ಕಡಿಮೆ ಬೆರೆಸಿದರೆ ಆರಂಭ ಸಾಧಾರಣ, ಬಾಳಿಕೆ ಅಧಿಕ. ೧೯೭೦ರ ದಶಕದ ಆರಂಭದಲ್ಲಿ ಮ್ಯಾಂಡೆಲ್‌ಕಾರ್ನನೇ ಬೆಳೆಸಿದ ಇನ್ನೊಂದು ಉಪಾಯವೂ ಹೀಗೆಯೇ: ಹಲ್ಲೆಯ ಹಿಂಬದಿಯಲ್ಲಿ ವಿದ್ಯುತ್ ಕ್ಷೇತ್ರವೊಂದನ್ನು ನಿರ್ಮಿಸಿ, ಅತ್ತ ಹೋದ ಎಲೆಕ್ಟ್ರಾನುಗಳನ್ನು ಸಂಧಿಯತ್ತ ಹಿಂದಿರುಗಿಸುವುದು. ಇದರಿಂದ ಹೊಸ ಕೋಶದ ದಕ್ಷತೆ ಏರಿತು. ಆದರೆ ವಿಕಿರಣ ಹೆಚ್ಚಿದಂತೆ ಎಲೆಕ್ಟ್ರಾನುಗಳು ಹಿಂಬದಿಯನ್ನು ಮುಟ್ಟುವುದೇ ನಿಂತು, ಆ ಲಾಭ ಕರಗಿಹೋಗುತ್ತಿತ್ತು.

ಈ ವಿರೋಧ ಅನಿವಾರ್ಯವಲ್ಲವೆಂದು ತೋರಿಸಿದುದು ನೇರಳೆ ಕೋಶ. ಹತ್ತು ವರ್ಷಗಳ ಕಾಲ ಅಂತರಿಕ್ಷದ ಸಿಲಿಕಾನ್ ಕೋಶದ ದಕ್ಷತೆ ಶೇಕಡ ೧೦-೧೧ರ ಆಸುಪಾಸಿನಲ್ಲಿಯೇ ನಿಂತುಹೋಗಿತ್ತು. ಅಮೆರಿಕದ ಕಾಮ್‌ಸ್ಯಾಟ್ ಪ್ರಯೋಗಶಾಲೆಯಲ್ಲಿ ಜೋಸೆಫ್ ಲಿಂಡ್‌ಮೇಯರ್ ಮತ್ತು ಜೇಮ್ಸ್ ಆಲಿಸನ್ ಇದರ ಕಾರಣವನ್ನು ಮೇಲ್ಪದರದಲ್ಲಿಯೇ ಹುಡುಕಿದರು. ರಂಜಕವನ್ನು ಅತಿಯಾಗಿ ಇಳಿಸಿದುದರಿಂದ ಆ ಪದರ ನಿರ್ಜೀವವಾಗಿ, ಮೇಲ್ಮೈಯ ಬಳಿಯಲ್ಲೇ ಹೀರಿಕೆಯಾಗುವ ನೀಲಿ ನೇರಳೆ ಬೆಳಕು ನಷ್ಟವಾಗುತ್ತಿತ್ತು. ಅವರು ಪದರವನ್ನು ಇನ್ನೂ ತೆಳುಗೊಳಿಸಿ, ಲೋಹದ ಗೆರೆಗಳನ್ನು ಸೂಕ್ಷ್ಮಗೊಳಿಸಿ, ಆ ಬೆಳಕನ್ನೂ ದುಡಿಸಿಕೊಂಡರು. ೧೯೭೨-೭೩ರಲ್ಲಿ ಪ್ರಕಟವಾದ ಈ ಕೋಶದ ದಕ್ಷತೆ ಶೇಕಡ ೧೪ರ ಸಮೀಪ. ನೇರಳೆ ಬೆಳಕಿನಿಂದ ಹುಟ್ಟಿದ ಕಣಗಳು ಸಂಧಿಯ ಪಕ್ಕದಲ್ಲಿಯೇ ಹುಟ್ಟುವುದರಿಂದ ಅವುಗಳ ಪಯಣ ಕಿರಿದು. ವಿಕಿರಣ ಅವುಗಳನ್ನು ಹೆಚ್ಚು ಕಾಡಲಾರದು. ಹೀಗೆ ಒಂದೇ ತಿದ್ದುಪಡಿ ದಕ್ಷತೆಯನ್ನೂ ಬಾಳಿಕೆಯನ್ನೂ ಹೆಚ್ಚಿಸಿತು. ಗದ್ದೆ ತೂಬಿನ ಪಕ್ಕದಲ್ಲಿಯೇ ಇದ್ದರೆ ಏಡಿಬಿಲಗಳ ಭಯವಿಲ್ಲ.

೯

ಇದೇ ತತ್ತ್ವದ ಪೂರ್ಣಫಲ ದೊರೆತುದು ಬೇರೊಂದು ವಸ್ತುವಿನಲ್ಲಿ. ಸಿಲಿಕಾನ್ ಬೆಳಕನ್ನು ನಿಧಾನವಾಗಿ ಹೀರುವ ವಸ್ತು; ಅದರ ಹಲ್ಲೆಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಹೆಚ್ಚಿನ ದಪ್ಪ ಬೇಕು. ಗ್ಯಾಲಿಯಮ್ ಆರ್ಸೆನೈಡಿಗೆ ಅದರ ಹಲವು ಹತ್ತರಲ್ಲಿ ಒಂದು ಪಾಲು ಸಾಕು. ಪಯಣದ ದೂರ ಕಡಿಮೆಯಾದುದರಿಂದ ಬೋನುಗಳ ಕಾಟವೂ ಕಡಿಮೆ. ಬಿಸಿಲಿನ ತಾಪದಲ್ಲಿಯೂ ಅದು ಸಿಲಿಕಾನಿನಷ್ಟು ಸೊರಗುವುದಿಲ್ಲ. ಆದರೆ ಅದರ ಮೇಲ್ಮೈಯಲ್ಲಿಯೇ ಕಣಗಳು ನಾಶವಾಗುವ ದೋಷವಿತ್ತು. ಲೆನಿನ್‌ಗ್ರಾಡಿನ ಇಯೋಫೆ ಸಂಸ್ಥೆಯಲ್ಲಿ ಜೋರೆಸ್ ಆಲ್ಫೆರೋವ್ ಮತ್ತು ಸಂಗಡಿಗರು ೧೯೭೦ರಲ್ಲಿ ಅದರ ಮೇಲೆ ಅಲ್ಯೂಮಿನಿಯಮ್ ಸೇರಿದ ಪಾರದರ್ಶಕವಾದ ಸಜಾತೀಯ ಪದರವನ್ನು ಬೆಳೆಸಿ ಆ ದೋಷವನ್ನು ನೀಗಿದರು. ೧೯೮೬ರಲ್ಲಿ ಮೇಲೇರಿದ ರಷ್ಯದ ಮೀರ್ ನಿಲ್ದಾಣದಲ್ಲಿ ಇಂತಹ ಕೋಶಗಳು ಬಳಕೆಗೊಂಡವು. ವಿಭಿನ್ನ ಪದರಗಳ ಅರೆವಾಹಕ ರಚನೆಗಳ ಮೇಲಣ ಕೆಲಸಕ್ಕಾಗಿ ಆಲ್ಫೆರೋವನಿಗೆ ೨೦೦೦ದಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಜಪಾನಿನಲ್ಲಿ ಮಸಫೂಮಿ ಯಾಮಾಗುಚಿ ಮತ್ತು ಸಂಗಡಿಗರು ೧೯೮೪ರಲ್ಲಿ ಇಂಡಿಯಮ್ ಫಾಸ್ಫೈಡಿನ ವಿಚಿತ್ರ ಗುಣವೊಂದನ್ನು ಬೆಳಕಿಗೆ ತಂದರು. ಆ ಕೋಶದಲ್ಲಿ ವಿದ್ಯುತ್ತು ಹರಿಯುತ್ತಿರುವಾಗಲೇ, ಅಧಿಕ ಶಾಖವಿಲ್ಲದೆಯೇ, ವಿಕಿರಣದ ಗಾಯಗಳು ಮಾಯುತ್ತವೆ. ಲಿಥಿಯಮ್ಮಿನ ಕನಸು ಇಲ್ಲಿ ಬೇರೊಂದು ರೂಪದಲ್ಲಿ ನನಸಾಯಿತು. ೧೯೯೦ರ ಜನವರಿಯಲ್ಲಿ ಚಂದ್ರನತ್ತ ಹೊರಟ ಹಿಟೆನ್ ಎಂಬ ಜಪಾನಿ ನೌಕೆಯಲ್ಲಿ ಈ ಕೋಶಗಳಿದ್ದವು. ಆದರೆ ಅದು ಪೆಡಸಾದ ದುಬಾರಿಯ ವಸ್ತು. ವ್ಯಾಪಕ ಬಳಕೆಗೆ ಬರಲಿಲ್ಲ.

ವ್ಯಾಪಕವಾದುದು ಪದರದ ಮೇಲೆ ಪದರವಿಟ್ಟ ಸಂಯುಕ್ತ ಕೋಶ. ೧೯೮೦ರ ದಶಕದಲ್ಲಿ ಅಮೆರಿಕದ ಕೊಲರಾಡೋದಲ್ಲಿ ಜೆರ್ರಿ ಓಲ್ಸನ್ ಮತ್ತು ಸಾರಾ ಕರ್ಟ್ಜ್, ಗ್ಯಾಲಿಯಮ್ ಆರ್ಸೆನೈಡಿನ ಮೇಲೆ ಗ್ಯಾಲಿಯಮ್ ಇಂಡಿಯಮ್ ಫಾಸ್ಫೈಡಿನ ಕೋಶವನ್ನು ಬೆಳೆಸಿದರು. ಮೇಲಿನದು ನೀಲಿ ಹಸಿರುಗಳನ್ನು ಹೀರಿ ಕೆಂಪನ್ನು ಕೆಳಕ್ಕೆ ಬಿಡುತ್ತದೆ. ಮುಂದೆ ತಳದ ಜರ್ಮೇನಿಯಮ್ ಹಲ್ಲೆಯೂ ಮೂರನೆಯ ಕೋಶವಾಯಿತು. ಇಂತಹ ಮೂರಂತಸ್ತಿನ ಕೋಶಗಳ ದಕ್ಷತೆ ಇಂದು ಶೇಕಡ ೩೦ರ ಸುಮಾರು. ಎಂದರೆ ಬೆಲ್ ಕೋಶದ ಐದು ಪಟ್ಟು.

ಇವುಗಳ ವಿನ್ಯಾಸದಲ್ಲಿ ಕೊನೆಯ ದಿನದ ನಿಯಮ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮೂರು ಕೋಶಗಳೂ ಒಂದೇ ಸಾಲಿನಲ್ಲಿ ಜೋಡಣೆಗೊಂಡಿರುವುದರಿಂದ, ಜೋಡೆತ್ತುಗಳಲ್ಲಿ ಮಂದಗಾಲಿನ ಎತ್ತೇ ಗಾಡಿಯ ವೇಗವನ್ನು ನಿರ್ಣಯಿಸುವಂತೆ, ಕಡಿಮೆ ವಿದ್ಯುತ್ತಿನ ಕೋಶವೇ ಇಡಿಯ ಸಾಲಿನ ಮಿತಿಯಾಗುತ್ತದೆ. ವಿಕಿರಣದಿಂದ ಹೆಚ್ಚು ನೋಯುವುದು ನಡುವಿನ ಗ್ಯಾಲಿಯಮ್ ಆರ್ಸೆನೈಡ್ ಕೋಶ. ಆದುದರಿಂದ ವಿನ್ಯಾಸಕರು ಮೇಲಿನ ಕೋಶವನ್ನು ಬೇಕೆಂದೇ ತೆಳುಗೊಳಿಸಿ, ನಡುವಿನದಕ್ಕೆ ಆರಂಭದಲ್ಲಿ ಹೆಚ್ಚಿನ ಬೆಳಕು ಇಳಿಯುವಂತೆ ಮಾಡುತ್ತಾರೆ. ಮೊದಲ ದಿನ ಅದು ತುಸು ಅಸಮತೋಲದ ಕೋಶ. ವರ್ಷಗಳು ಕಳೆದು ನಡುವಿನದು ಸೊರಗಿದಾಗ ಎರಡೂ ಸಮನಾಗುತ್ತವೆ. ಮೊದಲ ದಿನದ ಕಿಂಚಿತ್ ನಷ್ಟವನ್ನು ತಿಳಿದೇ ಒಪ್ಪಿಕೊಂಡು ಕೊನೆಯ ದಿನದ ಲಾಭವನ್ನು ಗಳಿಸುವ ಲೆಕ್ಕಾಚಾರ ಇದು.

೧೦

ಈ ವಿದ್ಯೆಯ ಕಠಿಣ ಪರೀಕ್ಷೆಗಳಲ್ಲೊಂದು ನಡೆದುದು ಗುರುಗ್ರಹದ ಬಳಿ. ಅಲ್ಲಿ ಬಿಸಿಲು ಭೂಮಿಯ ಬಳಿಯ ಬಿಸಿಲಿನ ಇಪ್ಪತ್ತೈದನೆಯ ಒಂದು ಪಾಲು. ವಿಕಿರಣ ವಲಯಗಳಾದರೋ ಭೂಮಿಯವಕ್ಕಿಂತ ಬಹಳ ಉಗ್ರ. ೨೦೧೧ರ ಆಗಸ್ಟ್ ೫ರಂದು ಹೊರಟು ೨೦೧೬ರ ಜುಲೈಯಲ್ಲಿ ಗುರುವನ್ನು ಸೇರಿದ ಜೂನೋ ನೌಕೆಗೆ ಮೂರು ರೆಕ್ಕೆಗಳಲ್ಲಿ ಹದಿನೆಂಟು ಸಾವಿರಕ್ಕೂ ಮಿಕ್ಕ ಕೋಶಗಳನ್ನು ಜೋಡಿಸಲಾಯಿತು. ಭೂಮಿಯ ಬಳಿ ಅವು ಸುಮಾರು ೧೪ ಕಿಲೋವಾಟ್ ಕೊಡಬಲ್ಲವು. ಗುರುವಿನ ಬಳಿ ೫೦೦ ವಾಟ್ ಮಾತ್ರ. ಕೋಶಗಳಿಗೆ ದಪ್ಪಗಾಜಿನ ಮುಚ್ಚಳ, ವಿದ್ಯುನ್ಮಾನ ಉಪಕರಣಗಳಿಗೆ ಟೈಟೇನಿಯಮ್ ಪೆಟ್ಟಿಗೆ: ಟೆಲ್‌ಸ್ಟಾರ್ ಕಲಿಸಿದ ಎರಡು ಪಾಠಗಳೂ ಅಲ್ಲಿ ಕಾಣುತ್ತವೆ.

ಭಾರತವು ಈ ಕ್ಷೇತ್ರಕ್ಕೆ ಕಾಲಿಟ್ಟುದು ಬೆಂಗಳೂರಿನಲ್ಲಿ. ಅಲ್ಲಿನ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ೧೯೭೫ರ ಏಪ್ರಿಲ್ ೧೯ರಂದು ರಷ್ಯದಿಂದ ಮೇಲೇರಿತು. ಇಪ್ಪತ್ತಾರು ಮುಖಗಳ ಆ ಗೋಳದ ಮೇಲಣ ಮತ್ತು ಕೆಳಗಣ ಮುಖಗಳೆರಡನ್ನು ಬಿಟ್ಟು ಉಳಿದವುಗಳ ಮೇಲೆಲ್ಲ ಸೌರಕೋಶಗಳಿದ್ದವು. ಕೆಲವೇ ದಿನಗಳಲ್ಲಿ ಅದರ ವೈಜ್ಞಾನಿಕ ಉಪಕರಣಗಳಿಗೆ ವಿದ್ಯುತ್ ಪೂರೈಕೆ ನಿಂತರೂ ಉಪಗ್ರಹದ ಮುಖ್ಯಭಾಗ ೧೯೮೧ರವರೆಗೆ ಕೆಲಸ ಮಾಡಿತು. ಆ ಯೋಜನೆಯ ನಾಯಕರಾದ ಉಡುಪಿ ರಾಮಚಂದ್ರ ರಾಯರು ೧೯೩೨ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದವರು. ಉಪಗ್ರಹ ನಿರ್ಮಾಣಕ್ಕೆ ಬರುವ ಮೊದಲು ಅವರ ಸಂಶೋಧನೆಯ ವಿಷಯ ವಿಶ್ವಕಿರಣಗಳೇ. ವಿಕ್ರಮ ಸಾರಾಭಾಯಿ ಅವರ ಶಿಷ್ಯರಾಗಿದ್ದು, ಬಳಿಕ ಅಮೆರಿಕಕ್ಕೆ ತೆರಳಿ, ಪಯೋನಿಯರ್ ಮತ್ತು ಎಕ್ಸ್‌ಪ್ಲೋರರ್ ನೌಕೆಗಳ ಮೂಲಕ ಆ ಕಿರಣಗಳನ್ನು ಅವರು ಅಭ್ಯಸಿಸಿದ್ದರು. ಅಂತರಿಕ್ಷದ ವಿಕಿರಣವನ್ನು ಅಳೆದ ಕನ್ನಡಿಗರೊಬ್ಬರೇ ಅದರಲ್ಲಿ ಬಾಳಬೇಕಾದ ಭಾರತದ ಮೊದಲ ಉಪಗ್ರಹವನ್ನು ಕಟ್ಟಿಸಿದರೆಂಬುದು ಸ್ಮರಣೀಯ ಸಂಗತಿ. ೨೦೧೪ರ ಸೆಪ್ಟೆಂಬರಿನಲ್ಲಿ ಮಂಗಳನ ಕಕ್ಷೆಯನ್ನು ಸೇರಿದ ಭಾರತದ ನೌಕೆ ತನ್ನ ಮೂರು ಫಲಕಗಳಿಂದ ಅಲ್ಲಿ ೮೪೦ ವಾಟ್ ಪಡೆಯುವಂತೆ ರಚಿತವಾಗಿತ್ತು.

೧೧

ಈ ಸಮಸ್ಯೆ ಮುಗಿದ ಅಧ್ಯಾಯವಲ್ಲ. ೨೦೧೫ರಿಂದೀಚೆಗೆ ಕೆಲವು ಸಂಪರ್ಕ ಉಪಗ್ರಹಗಳು ಸುಡುಮದ್ದಿನ ಬಲವನ್ನು ಬಿಟ್ಟು ವಿದ್ಯುತ್ತಿನ ಬಲದಿಂದಲೇ ತಮ್ಮ ಎತ್ತರದ ಕಕ್ಷೆಯನ್ನು ಏರುತ್ತಿವೆ. ಇದರಿಂದ ತೂಕ ಉಳಿಯುತ್ತದೆ. ಆದರೆ ಏರಿಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೆರಡು ದಿನಗಳಲ್ಲಿ ದಾಟಬಹುದಾಗಿದ್ದ ವಿಕಿರಣ ವಲಯಗಳಲ್ಲಿ ಬಹುಕಾಲ ತಂಗಬೇಕಾಗುತ್ತದೆ. ಕೆಲಸ ಆರಂಭಿಸುವ ಮುನ್ನವೇ ಕೋಶಗಳು ತಮ್ಮ ಬಲದಲ್ಲಿ ಒಂದಂಶವನ್ನು ತೆರುತ್ತವೆ.

ಬೆಲ್ ಪ್ರಯೋಗಶಾಲೆಯಿಂದ ಜೂನೋವರೆಗಿನ ಈ ಚರಿತ್ರೆಯನ್ನು ಒಟ್ಟಿಗೆ ನೋಡಿದರೆ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಪ್ರಗತಿಯ ಮುಖ್ಯ ಹೆಜ್ಜೆಗಳು ವಿಕಿರಣವನ್ನು ಹೊರಗಿಡುವ ಯತ್ನದಿಂದಷ್ಟೇ ಬಂದವಲ್ಲ. ಹಾನಿ ಆಗಿಯೇ ತೀರುವುದೆಂದು ಒಪ್ಪಿ, ಹಾನಿಯಾದ ಮೇಲೂ ಕೆಲಸ ಸಾಗುವಂತೆ ಕೋಶವನ್ನು ರೂಪಿಸಿದ ವಿವೇಕದಿಂದ ಬಂದವು. ಎರಡನೆಯದು, ಪ್ರಕೃತಿಯ ವಿಕಿರಣಕ್ಕೆ ವಿಜ್ಞಾನ ಉತ್ತರ ಹುಡುಕಬಲ್ಲದು. ಮನುಷ್ಯನೇ ಹರಡುವ ವಿಕಿರಣಕ್ಕೆ ಒಪ್ಪಂದವೊಂದೇ ಉತ್ತರ. ಆರು ವರ್ಷ ಮಾತನಾಡಿ ಮೂಕವಾದ ವಾನ್‌ಗಾರ್ಡ್-೧ ಇಂದಿಗೂ ಕಕ್ಷೆಯಲ್ಲಿದೆ; ಮನುಷ್ಯನಿರ್ಮಿತ ವಸ್ತುಗಳಲ್ಲಿ ಅಲ್ಲಿ ಅದಕ್ಕಿಂತ ಹಳೆಯದು ಮತ್ತೊಂದಿಲ್ಲ. ಅದು ಸುತ್ತುತ್ತಿರುವ ಆಕಾಶ ೧೯೬೨ರಲ್ಲಿ ಕೆಟ್ಟು, ಕ್ರಮೇಣ ತಿಳಿಯಾದ ಆಕಾಶ. ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಯಾವ ಸೌರಕೋಶದ ಕೈಯಲ್ಲಿಯೂ ಇಲ್ಲ. ಅದು ರಾಷ್ಟ್ರಗಳ ಕೈಯಲ್ಲಿದೆ.